ಕೈ ಬಿಡು, ಕಾಲ್ ತೆಗಿ

ಅವನು ಸತ್ತಾಗ ನನಗೆ ಅರವತ್ತಾರು. ಅದಾಗಿ ಮೂರು ವರ್ಷವಾಯಿತು. ಎದುರಿಗಿದ್ದಾಗ ನೀವು, ಬನ್ನಿ, ಕೂತ್ಕೊಳ್ಳಿ ಎಂದೇ ಮಾತಾಡಿಸುತ್ತಿದ್ದೆ. ಸತ್ತವರಿಗೆ ಮರ್ಯಾದೆಯ ಮಾತಿನಿಂದ ಆಗಬೇಕಾದ್ದು ಏನೂ ಇಲ್ಲ. ಅದಕ್ಕೆ ಇಲ್ಲಿ ಅವನು ಎಂದೇ ಬರೆಯುತ್ತೇನೆ. ಹೆಸರು ಬೇಡ. ಅವನ ಹೆಂಡತಿ ಇನ್ನೂ ಬದುಕಿದ್ದಾಳೆ.

ನನ್ನದು ಮಲವಗೊಪ್ಪದಲ್ಲಿ ರಸ್ತೆ ಬದಿಯ ಅಂಗಡಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವಾಗ ಎಡಗಡೆ ಸಿಗುತ್ತದೆ. ಬೈಕು, ಸ್ಕೂಟರು, ಆಟೋಗಳ ಸೀಟು ಹೊಲಿಯುವುದು ಕೆಲಸ. ಮೊದಲು ಗಂಡ ಮಾಡುತ್ತಿದ್ದ. ಗಂಡ ಕುಡಿದು ಸತ್ತ, ಮಷಿನ್ ಉಳಿಯಿತು, ನಾನು ಕೂತೆ. ಅಂಗಡಿಯ ಮುಂದೆ ಒಂದು ಕಲ್ಲಿನ ಜಗಲಿ ಇದೆ. ಸೀಟು ಬಿಚ್ಚಿ ಕೊಟ್ಟವರು ಕೆಲಸ ಮುಗಿಯುವ ತನಕ ಅದರ ಮೇಲೆ ಕೂರುತ್ತಾರೆ. ಕೂತವರು ಸುಮ್ಮನಿರುವುದಿಲ್ಲ. ಮನುಷ್ಯರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಜಗಲಿಯಿಂದ ಬಂದದ್ದು. ಅದರಲ್ಲಿ ಮುಕ್ಕಾಲು ಪಾಲು ಸುಳ್ಳು.

ಅವನು ಮೊದಲ ಸಲ ಬಂದದ್ದು ಒಂದು ದೊಡ್ಡ ಬೈಕಿನ ಮೇಲೆ. ನಮ್ಮ ಕಡೆ ಹುಡುಗರು ಗುಡುಗುಡು ಎನ್ನಿಸಿಕೊಂಡು ಓಡಿಸುತ್ತಾರಲ್ಲ, ಅದಲ್ಲ. ದೂರದ ಊರುಗಳಿಗೆ ಹೋಗುವವರಿಗೆಂದೇ ಮಾಡಿದ್ದು, ಟೂರಿಂಗ್ ಬೈಕು ಎನ್ನುತ್ತಾರೆ. ಮುಂದೆ ಅಗಲವಾದ ಗಾಜು, ಹಿಂದೆ ಒರಗುವುದಕ್ಕೆ ದಿಂಬು, ಪಕ್ಕದಲ್ಲಿ ಪೆಟ್ಟಿಗೆ. ನೆಲಕ್ಕೆ ಹತ್ತಿರ, ಮಲಗಿದ ಎಮ್ಮೆಯ ಹಾಗೆ. ಸೀಟು ನಮ್ಮ ಮನೆಯ ಹಾಸಿಗೆಗಿಂತ ಮೆತ್ತಗಿತ್ತು. ಬೆಂಗಳೂರಿನ ಯಾರೋ ಬೇಜಾರಾಗಿ ಮಾರಿದ್ದನ್ನು ಅವನು ಕೆಲಸದಿಂದ ನಿವೃತ್ತನಾದ ವರ್ಷ ತಂದಿದ್ದ.

ಆಳು ಕುಳ್ಳ. ಭುಜ ಅಗಲ, ಕುತ್ತಿಗೆ ಇದೆಯೋ ಇಲ್ಲವೋ ಎನ್ನುವಷ್ಟು. ಹೆಲ್ಮೆಟ್ ಹಾಕಿಕೊಂಡು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಒಂದೇ ಒಂದು ಮಾತು ಆಡುವುದಿದ್ದರೂ ಗಾಡಿ ನಿಲ್ಲಿಸಿ, ಪಟ್ಟಿ ಬಿಚ್ಚಿ, ಹೆಲ್ಮೆಟ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಆಮೇಲೆ ಆಡುತ್ತಿದ್ದ. "ಮುಖ ಮುಚ್ಕೊಂಡು ಮಾತಾಡೋನು ಕಳ್ಳ" ಎನ್ನುತ್ತಿದ್ದ. ಜಗಲಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಅದರಲ್ಲಿದ್ದ ಕಡಲೆಬೀಜ ಆರಿಸಿ ಪಕ್ಕಕ್ಕಿಡುವುದು, ಹೆಂಡತಿ ಅದನ್ನು ತಿನ್ನುವುದು. ಇಬ್ಬರೂ ಈ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಹೆಂಡತಿ ಸಪೂರ, ಅವನಿಗಿಂತ ಎತ್ತರ. ಭಾನುವಾರ ಭಾನುವಾರ ಇಬ್ಬರೂ ಭದ್ರಾವತಿಯಿಂದ ಶಿವಮೊಗ್ಗದ ದುರ್ಗಿಗುಡಿಗೆ, ಅವಳ ತಂಗಿಯ ಮನೆಗೆ ಹೋಗುತ್ತಿದ್ದರು. ಮಕ್ಕಳಿಲ್ಲ. ಸೀರೆ ಉಟ್ಟವಳು ಕಾಲು ಆಚೆ ಈಚೆ ಹಾಕಿ ಕೂರುವುದು ಹೇಗೆ? ಒಂದೇ ಕಡೆ, ಎಡಕ್ಕೆ ಮುಖ ಮಾಡಿ ಕೂರುತ್ತಿದ್ದಳು. ಅದಕ್ಕೆಂದು ಅವನು ಎಡಗಡೆಯ ಪೆಟ್ಟಿಗೆ ಬಿಚ್ಚಿ ಹಾಕಿ, ಕಾಲಿಡಲು ಕಬ್ಬಿಣದ ಹಲಗೆ, ಸೀರೆ ಸಿಕ್ಕದ ಹಾಗೆ ಜಾಲರಿ ಬೆಸುಗೆ ಹಾಕಿಸಿದ್ದ. ಹೆದ್ದಾರಿಯಲ್ಲಿ ಆ ದೊಡ್ಡ ಬೈಕಿನ ಮೇಲೆ ಅವಳು ಅಂಬಾರಿಯಲ್ಲಿ ಕೂತ ಹಾಗೆ ಒರಗಿಕೊಂಡು, ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡು ಹೋಗುತ್ತಿದ್ದಳು.

"ನಿಮ್ಮ ಯಜಮಾನ್ರು ಗಾಡಿ ಚೆನ್ನಾಗಿ ಇಟ್ಕೊಂಡಿದಾರೆ" ಎಂದೆ ಒಮ್ಮೆ.

"ಹ್ಞೂಂ. ಅದಕ್ಕೆ ವಾರಕ್ಕೆರಡು ಸ್ನಾನ. ಅವರಿಗೆ ಒಂದು" ಎಂದಳು.

ಅವನು ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿದ್ದವನು. ಕ್ರೇನ್ ನಡೆಸುವವನು ಮೇಲೆ ಕೂತಿರುತ್ತಾನೆ. ಕೆಳಗೆ ನಿಂತು ಎರಕದ ತುಂಡುಗಳಿಗೆ ಸರಪಳಿ ಬಿಗಿದು, ಎತ್ತು ಇಳಿಸು ಎಂದು ಕೈ ತೋರಿಸುವವನು ಬೇರೆ. ಇವನು ಕೆಳಗಿನವನು. ಹೊಸದಾಗಿ ಸೇರಿದವರಿಗೆ ಇವನೇ ಕಲಿಸುತ್ತಿದ್ದನಂತೆ. ಕಲಿಸುವ ಮೊದಲ ಪಾಠ ಒಂದೇ: ಲೋಡು ಜಾರಿತೋ, ಕೈ ಬಿಡು, ಕಾಲ್ ತೆಗಿ. ಹಿಡಿಯಲು ಹೋಗಬೇಡ. ನೋಡುತ್ತ ನಿಲ್ಲಬೇಡ. ಕೈ ಬಿಡು, ಕಾಲ್ ತೆಗಿ.

ಇದು ನನಗೆ ಗೊತ್ತಾದದ್ದು ಕತ್ತರಿಯಿಂದ. ರೆಕ್ಸಿನ್ ಕತ್ತರಿಸುವ ನನ್ನ ಕತ್ತರಿ ಮೊಳದುದ್ದ ಇದೆ, ಬರೀ ಕಬ್ಬಿಣ. ಒಂದು ದಿನ ಮೇಜಿನ ಅಂಚಿನಿಂದ ಜಾರಿತು. ನಾನು ಹಿಡಿಯಲು ಬಗ್ಗಿದೆ. "ಕೈ ಬಿಡು! ಕಾಲ್ ತೆಗಿ!" ಎಂದು ಜಗಲಿಯಿಂದ ಅವನು ಕಿರುಚಿದ ರೀತಿಗೆ ಎದುರಿನ ಟೀ ಅಂಗಡಿಯವರೂ ಎದ್ದು ನಿಂತರು. ನಾನು ಹಿಂದಕ್ಕೆ ಹಾರಿದ್ದು ನನಗೇ ಗೊತ್ತಾಗಲಿಲ್ಲ. ಕತ್ತರಿ ಹೋಗಿ ನನ್ನ ಚಪ್ಪಲಿಯ ಮೂತಿಗೆ ಚುಚ್ಚಿ ನಿಂತಿತು. ಕಾಲು ಅದರಲ್ಲಿ ಇರಲಿಲ್ಲ.

"ಏಕವಚನದಲ್ಲಿ ಕೂಗ್ಬಿಟ್ಟೆ, ತಪ್ಪು ತಿಳ್ಕೋಬೇಡಿ" ಎಂದ.

"ಬೆರಳು ಉಳೀತಲ್ಲ, ಏನಾದ್ರೂ ಕೂಗಿ" ಎಂದೆ.

ಆಗ ಹೇಳಿದ. "ಬೀಳೋದು ಹಿಡಿಯೋಕೆ ಹೋಗೋದು ಮನುಷ್ಯನ ಚಟ ಮಾರಾಯ್ತಿ. ಲೋಟ ಬಿದ್ರೂ ಹಿಡೀತಾನೆ, ಟನ್ ಕಬ್ಬಿಣ ಬಿದ್ರೂ ಹಿಡೀತಾನೆ. ನನ್ನ ಜೊತೆಯವನೊಬ್ಬ ಹಂಗೇ ಕೈ ಕೊಟ್ಟ. ಮಣಿಕಟ್ಟಿನ ತನಕ ಹೋಯ್ತು. ಅವನ ಮದುವೆಗೆ ಹೋಗಿದ್ದೆ. ತಾಳಿ ಒಂದೇ ಕೈಲಿ ಹಿಡ್ಕೊಂಡು ನಿಂತಿದ್ದ, ಗಂಟು ಅವರಕ್ಕ ಹಾಕಿದ್ಲು. ಅವತ್ತಿಂದ ನನ್ನ ಮೈಗೇ ಅಭ್ಯಾಸ ಮಾಡ್ಸಿದೀನಿ. ತಲೆ ಯೋಚ್ನೆ ಮಾಡೋದ್ರೊಳಗೆ ಮೈ ಆಚೆ ಇರ್ಬೇಕು."

ಹೆಂಡತಿ ಪಕ್ಕದಲ್ಲೇ ಕಡಲೆಬೀಜ ತಿನ್ನುತ್ತಿದ್ದಳು. "ಹೌದು, ಮನೇಲಿ ಹಾಲು ಉಕ್ಕಿದ್ರೂ ಇವರು ಆಚೆ ಇರ್ತಾರೆ" ಎಂದಳು. ಅವನು ನಕ್ಕ. ಅವನು ನಕ್ಕದ್ದು ನೆನಪಿರುವುದು ಅದೊಂದೇ ಸಲ.

ರಸ್ತೆಗೆ ಹೊಸ ಡಾಂಬರು ಹಾಕಿದ ವರ್ಷ. ಡಾಂಬರು ಎತ್ತರವಾಯಿತು, ಅಂಚು ಕತ್ತರಿಸಿದ ಹಾಗೆ ಕೆಳಗಿಳಿದಿತ್ತು, ಅಲ್ಲಿ ಬರೀ ಸಡಿಲ ಜಲ್ಲಿ. ಭಾನುವಾರ ಬೆಳಗಿನ ಹೊತ್ತು. ಸೀಟಿಗೆ ಮಳೆಯ ಹೊದಿಕೆ ಹೊಲಿಯಲು ಹೇಳಿದ್ದ, ತೆಗೆದುಕೊಂಡು ಹೋಗಲು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ನಾನು ಮಷಿನ್ ಮುಂದೆ ಕೂತಿದ್ದೆ, ಮುಖ ರಸ್ತೆಯ ಕಡೆಗೇ ಇತ್ತು. ಅವನು ಎಡಗಾಲು ಇಟ್ಟ. ಕಾಲು ನೆಲಕ್ಕೆ ಸಿಗದೆ ಆ ಅಂಚಿನ ಕೆಳಗೆ ಹೋಯಿತು. ಜಲ್ಲಿ ಜಾರಿತು. ಬೈಕು ಎಡಕ್ಕೆ ವಾಲಿತು.

ಅವನು ಎರಡೂ ಕೈ ಬಿಟ್ಟ. ಕಾಲು ತೆಗೆದ. ಒಂದೇ ನೆಗೆತಕ್ಕೆ ನನ್ನ ಜಗಲಿಯ ಹತ್ತಿರ ಬಂದು, ಎರಡೂ ಅಂಗೈ ಎದೆಯ ಮುಂದೆ ತೆರೆದುಕೊಂಡು ನಿಂತ. ಫೌಂಡ್ರಿಯಲ್ಲಿ ನಿಲ್ಲುವುದು ಹಾಗೆಯೇ ಇರಬೇಕು. ಬೆನ್ನು ಬೈಕಿನ ಕಡೆಗಿತ್ತು, ಮುಖ ನನ್ನ ಕಡೆಗೆ. ಹೆಂಡತಿ ಹಿಂದೆ ಇದ್ದಾಳೆ ಎನ್ನುವುದು ಅವನ ಮುಖಕ್ಕೆ ಬರುವುದನ್ನು ನಾನು ನೋಡಿದೆ. ಅಷ್ಟರೊಳಗೆ ಸದ್ದು ಆಗಿತ್ತು.

ಎಡಕ್ಕೆ ಕೂತಿದ್ದವಳು ಎಡಕ್ಕೇ ಬಿದ್ದಳು. ಅವಳಿಗೆಂದೇ ಬೆಸುಗೆ ಹಾಕಿಸಿದ ಕಬ್ಬಿಣದ ಹಲಗೆ ಅವಳ ಸೊಂಟದ ಮೇಲೆ. ಟೀ ಅಂಗಡಿಯವನು, ಇನ್ನಿಬ್ಬರು ಗಿರಾಕಿಗಳು, ನಾನು, ಅವನು, ಎಲ್ಲರೂ ಸೇರಿ ಎತ್ತಿದೆವು. ಅವಳು ಅಳಲಿಲ್ಲ. "ಸೀರೆ ಎಳೀರಿ, ಕಾಲು ಕಾಣ್ತಿದೆ" ಎಂದಳು ನನಗೆ. ಎಳೆದೆ. ಹೂವಿನ ಪೊಟ್ಟಣ ಚರಂಡಿಗೆ ಹೋಗಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೊಂಟಕ್ಕೆ ರಾಡು ಹಾಕಿದರು. ಮಲಗಿದಳು, ಆಮೇಲೆ ವಾಕರ್ ಹಿಡಿದಳು, ಆಮೇಲೆ ಕೋಲು. ಅಲ್ಲಿಗೆ ನಿಂತಿತು.

ಅವನು ಒಂದು ವಾರ ಬಿಟ್ಟು ಬಂದ, ಬಸ್ಸಿನಲ್ಲಿ. ಬಲಗೈ ಮಣಿಕಟ್ಟಿಗೆ ಬಟ್ಟೆಯ ಬ್ಯಾಂಡೇಜು. ಟೀ ಅಂಗಡಿಯವನು ಭದ್ರಾವತಿಯ ತಮಿಳರವನು, ಬಾಯಿ ಜೋರು. "ಏನ್ ಸಾರ್, ಕೈಗೂ ಆಯ್ತಾ?" ಎಂದ.

"ಹಿಡಿದೆ. ಭಾರ ತಡೀಲಿಲ್ಲ. ಮುನ್ನೂರು ಕೆಜಿ ಮೇಲಿದೆ ಅದು" ಎಂದ ಅವನು.

"ಅಯ್ಯೋ, ಪಾಪ" ಎಂದು ಟೀ ಅಂಗಡಿಯವನು ಅವತ್ತು ಚಹಾ ಸುಮ್ಮನೆ ಕೊಟ್ಟ.

ನನ್ನ ಕಡೆ ಬಂದು ಜಗಲಿಯ ಮೇಲೆ ಕೂತ. "ನೀವು ನೋಡ್ತಿದ್ರಾ?" ಎಂದ.

"ನೋಡ್ದೆ" ಎಂದೆ.

"ಸರಿ" ಎಂದ.

ಯಾರಿಗೂ ಹೇಳಬೇಡಿ ಎನ್ನಲಿಲ್ಲ. ನಾನೂ ಹೇಳುವುದಿಲ್ಲ ಎನ್ನಲಿಲ್ಲ. ಮುಂದಿನ ವಾರ ಒಂದು ಗೂಡ್ಸ್ ಆಟೋದಲ್ಲಿ ಮಣ್ಣು, ದಪ್ಪ ಜಲ್ಲಿ ತಂದು, ನನ್ನ ಅಂಗಡಿಯ ಮುಂದಿನ ಡಾಂಬರಿನ ಅಂಚಿಗೆ ಸಮನಾಗಿ ತುಂಬಿ ಗುದ್ದಿದ. ಬ್ಯಾಂಡೇಜು ಹಾಕಿದ ಕೈಯಲ್ಲೇ ಗುದ್ದಿದ. ಟೀ ಅಂಗಡಿಯವನು ಅದನ್ನು ನೋಡಿದ್ದರೂ, ಪೆಟ್ಟಾದ ಕೈ ಹೀಗೆ ಗುದ್ದುತ್ತದೆಯೇ ಎಂದು ಅವನಿಗೆ ತೋಚಲಿಲ್ಲ. ಮಳೆಗೆ ಮಣ್ಣು ಕೊಚ್ಚಿಹೋದರೆ ಮತ್ತೆ ಬಂದು ತುಂಬುತ್ತಿದ್ದ. ಈಗ ತುಂಬುವವರಿಲ್ಲ, ಅಂಚು ಮತ್ತೆ ಇಳಿದಿದೆ.

ಆರು ತಿಂಗಳು ಕಳೆದ ಮೇಲೆ ಎಮ್ಮೆ ಕೊಟ್ಟು ಒಂಟೆ ತಂದ.

ಅಡ್ವೆಂಚರ್ ಬೈಕು ಎನ್ನುತ್ತಾರೆ ಅದನ್ನು. ಬೆಟ್ಟ, ಹೊಳೆ, ಕಲ್ಲು ಹಾದಿ ಎಲ್ಲಾ ಹತ್ತಿ ಇಳಿಯುವುದಕ್ಕೆ ಮಾಡಿದ್ದಂತೆ. ಮುಂದೆ ಹದ್ದಿನ ಕೊಕ್ಕಿನ ಹಾಗೆ ಚಾಚಿದ ಮಡ್‌ಗಾರ್ಡು. ಉದ್ದ ಕಾಲು, ತೆಳು ಹೊಟ್ಟೆ. ತೂಕ ಹಳೆಯದರ ಅರ್ಧದಷ್ಟೂ ಇರಲಿಲ್ಲ. ಆದರೆ ಎತ್ತರ! ಸೀಟು ನನ್ನ ಸೊಂಟದ ಮೇಲೆ ಬರುತ್ತಿತ್ತು. ಸೀಟೋ, ಅಟ್ಟದ ಹಲಗೆಯೋ, ಅಷ್ಟು ಗಟ್ಟಿ. ಹಿಂದಿನದು ಇನ್ನೂ ಒಂದು ಗೇಣು ಮೇಲೆ. ಕುಳ್ಳ ಮನುಷ್ಯ ಅದರ ಮೇಲೆ ಕೂತರೆ ಎರಡು ಕಡೆಯೂ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ.

ಟೀ ಅಂಗಡಿಯವನಿಗೆ ಹಬ್ಬ. "ಪಾಟೀ, ನೋಡಿದ್ರಾ?" ಎಂದ. ನನ್ನನ್ನು ಅವನು ಪಾಟಿ ಎಂದೇ ಕರೆಯುವುದು, ಅವರ ಭಾಷೆಯಲ್ಲಿ ಅಜ್ಜಿ ಅಂತ. "ಹೆಂಡ್ತಿ ಮನೇಲಿ ಬಿದ್ಕೊಂಡಿದಾರೆ, ಸಾರ್ ಹಿಮಾಲಯಕ್ಕೆ ರೆಡಿ. ಇನ್ನು ಹಿಂದೆ ಕೂರೋರು ಇಲ್ವಲ್ಲ, ಒಬ್ಬರೇ ಜಾಲಿ."

ಹಾಗೆಯೇ ಊರೆಲ್ಲ ಮಾತಾಡಿತು. ಅವಳ ತಂಗಿ ಕೂಡ ದುರ್ಗಿಗುಡಿಯಲ್ಲಿ ಹಾಗೇ ಹೇಳಿಕೊಂಡು ತಿರುಗಿದಳಂತೆ.

ಅವನು ಬಂದು ಹೆಲ್ಮೆಟ್ ತೆಗೆದು, "ಸೀಟು ಇಳಿಸಿಕೊಡಿ. ನಂಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಬರ್ಬೇಕು" ಎಂದ.

"ಒಂಟೆ ತಂದು ಕತ್ತೆ ಮಾಡಿಕೊಡಿ ಅಂತೀರಲ್ಲ. ಕತ್ತೇನೇ ತರ್ಬೋದಿತ್ತು" ಎಂದೆ.

"ಸ್ಕೂಟರ್ ತರ್ಬೋದಿತ್ತು. ಅವಳಿಗೆ ಸಣ್ಣ ಗಾಲಿ ಆಗಲ್ಲ. ಗುಂಡಿಗೆ ಇಳಿದ್ರೆ ಸೊಂಟಕ್ಕೆ ಹೊಡೆಯುತ್ತೆ. ಇದರ ಗಾಲಿ ದೊಡ್ಡದು, ಸ್ಪ್ರಿಂಗು ಉದ್ದ. ಗುಂಡೀನೇ ಗೊತ್ತಾಗಲ್ಲ. ಮತ್ತೆ ನಾನು ಹಿಡೀಬಹುದು ಇದನ್ನ. ವಾಲಿದ್ರೆ ಹಿಡೀಬಹುದು."

ಆಗ ತಿಳಿಯಿತು ಹಿಮಾಲಯ ಎಲ್ಲಿದೆ ಎಂದು.

ಮುಂದಿನ ಸೀಟಿನ ಸ್ಪಂಜು ಕೊಯ್ದೆ. ಉಬ್ಬು ತೆಗೆದೆ, ಅಂಚು ಸವರಿದೆ, ತೊಡೆ ಬರುವಲ್ಲಿ ಕಿರಿದು ಮಾಡಿದೆ. ಅವನು ಕೂತ, ಇಳಿದ, ಕೂತ. ಹಿಮ್ಮಡಿ ನೆಲ ಮುಟ್ಟುವ ತನಕ ಬಿಡಲಿಲ್ಲ. "ಇನ್ನು ಕೊಯ್ದರೆ ತಗಡಿನ ಮೇಲೆ ಕೂತ್ಕೋಬೇಕು, ಮೂಲವ್ಯಾಧಿ ಬಂದ್ರೆ ನನ್ನ ಕೇಳ್ಬೇಡಿ" ಎಂದೆ. "ಬರ್ಲಿ" ಎಂದ.

ಆಮೇಲೆ ಹಿಂದಿನ ಸೀಟು. ಅದನ್ನು ಅವನು ಎಷ್ಟು ಸಲ ಬಿಚ್ಚಿ ತಂದನೋ ಲೆಕ್ಕವಿಟ್ಟಿಲ್ಲ. ಇಳಿಸಿ ಎಂದ, ಇಳಿಸಿದೆ. ಅಗಲ ಮಾಡಿ ಎಂದ, ಮಾಡಿದೆ. ಹಳೆಯ ಬೈಕಿನ ಒರಗು ದಿಂಬು ಮಾರದೆ ಇಟ್ಟುಕೊಂಡಿದ್ದ, ಅದನ್ನು ಕೂಡಿಸಿ ಎಂದ. ಅಡ್ಡಕ್ಕೆ ಒಂದು ಹಿಡಿಪಟ್ಟಿ ಹೊಲಿಯಿರಿ, ಅವಳು ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ ಎಂದ. ಹೊಲಿದರೆ ಎಳೆದು ನೋಡಿದ. ಇನ್ನೊಂದು ಸುತ್ತು ಹೊಲಿಗೆ ಹಾಕಿ ಎಂದ. ಮತ್ತೆ ಎಳೆದು ಇನ್ನೊಂದು ಎಂದ.

ನನ್ನ ಅಂಗಡಿಯ ಹಿಂದೆ ಖಾಲಿ ಸೈಟು ಇದೆ. ಅಲ್ಲಿ ಅಕ್ಕಿ ಮೂಟೆಯನ್ನು ಹಿಂದಿನ ಸೀಟಿಗೆ ಬಿಗಿದು, ಬೈಕಿನ ಮೇಲೆ ಕೂತು, ಬೇಕೆಂದೇ ಎಡಕ್ಕೆ ವಾಲಿಸುತ್ತಿದ್ದ. ವಾಲಿಸಿ ಹಿಡಿಯುತ್ತಿದ್ದ. ಮೊದಮೊದಲು ಮೂರಕ್ಕೊಮ್ಮೆ ಕೈ ಬಿಟ್ಟು ಹಾರಿಬಿಡುತ್ತಿದ್ದ. ಬೈಕು, ಮೂಟೆ ಎರಡೂ ಕೆಳಗೆ, ಇವನು ಆಚೆ, ಅಂಗೈ ತೆರೆದುಕೊಂಡು. ಮತ್ತೆ ಎತ್ತುತ್ತಿದ್ದ. ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಮೂಟೆ ಒಡೆದು ಅಕ್ಕಿ ಚೆಲ್ಲಿತು, ಟೀ ಅಂಗಡಿಯವನ ಕೋಳಿಗಳು ವಾರಗಟ್ಟಲೆ ಅಲ್ಲೇ ಬಿಡಾರ ಮಾಡಿದವು.

"ಏನ್ ಸಾರ್, ಮೇಡಂ ಬದಲು ಅಕ್ಕಿ ಕೂರಿಸ್ಕೊಂಡು ಹೊರಟ್ರಿ? ಬೇಳೇನೂ ತಗೊಳ್ಳಿ, ದಾರೀಲಿ ಅಡುಗೆ ಆಗುತ್ತೆ" ಎಂದು ಟೀ ಅಂಗಡಿಯವನು ಕೂಗಿದರೆ ಇವನು ತಿರುಗಿಯೂ ನೋಡುತ್ತಿರಲಿಲ್ಲ.

ನನ್ನ ಹತ್ತಿರ ನೀರು ಕುಡಿಯಲು ಬಂದಾಗ ಒಂದು ಸಲ ಹೇಳಿದ. "ಮೂವತ್ತು ವರ್ಷ ಕೈ ಬಿಡೋದು ಕಲ್ತೆ. ಈಗ ಕೈ ಬಿಡದೇ ಇರೋದು ಕಲೀತಿದೀನಿ."

"ಅದನ್ನ ನಂಗೆ ಹೇಳಿ ಏನು ಉಪಯೋಗ? ಮನೇಲಿ ಹೇಳಿ" ಎಂದೆ.

ಲೋಟ ಇಟ್ಟು ಹೋದ.

ಕೊನೆಗೆ ಮಳೆಗಾಲ ಮುಗಿದ ಮೇಲೆ, ಅವಳು ಬಂದಳು. ಆಟೋದಲ್ಲಿ. ಅವನು ಮುಂಚೆಯೇ ಬಂದು ಬೈಕನ್ನು ಜಗಲಿಗೆ ಒತ್ತಿ ನಿಲ್ಲಿಸಿದ್ದ. ಜಗಲಿಯ ಮೇಲೆ ನಿಂತರೆ ಹಿಂದಿನ ಸೀಟು ಅವಳಿಗೆ ಸರಿಯಾಗಿ ಕುರ್ಚಿಯ ಎತ್ತರ. ಹತ್ತುವುದೇ ಬೇಡ, ಹಾಗೇ ಕೂತರಾಯಿತು. ಅವನು ಅದನ್ನು ಅಳೆದಿದ್ದ. ಬೈಕಿನ ಮೇಲೆ ಕೂತು ಎರಡೂ ಪಾದ ಊರಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಹೆಲ್ಮೆಟ್ ಇಲ್ಲದೆ ಮುಂದೆ ನೋಡುತ್ತ ಕೂತಿದ್ದ. ಕಿವಿ ಕೆಂಪಾಗಿತ್ತು.

ಅವಳು ಕೋಲೂರಿಕೊಂಡು ಜಗಲಿ ಹತ್ತಿದಳು. ನಾನು ತೋಳು ಹಿಡಿದಿದ್ದೆ. ಸೀಟನ್ನು ಮುಟ್ಟಿ ನೋಡಿದಳು. ಹಿಡಿಪಟ್ಟಿಯನ್ನು ಎಳೆದು ನೋಡಿದಳು.

"ಕೂತ್ಕೋ. ಏನೂ ಆಗಲ್ಲ" ಎಂದ ಅವನು.

"ಅವತ್ತು ಏನಾಯ್ತು ಹೇಳಿ. ಕೂತ್ಕೋತೀನಿ."

"ಎಷ್ಟ್ ಸಲ ಹೇಳ್ಬೇಕು? ಜಲ್ಲಿ ಜಾರ್ತು."

"ಆಮೇಲೆ?"

"ಆಮೇಲೆ ಏನು? ಹಿಡಿದೆ. ತಡೀಲಿಲ್ಲ. ಇದು ಹಗುರ ಇದೆ, ಇದನ್ನ ತಡೀತೀನಿ. ನೋಡು, ಪಾದ ನೋಡು."

ಅವಳು ಪಾದ ನೋಡಲಿಲ್ಲ. ಅವನ ಮಣಿಕಟ್ಟು ನೋಡುತ್ತಿದ್ದಳು. ವರ್ಷ ದಾಟಿದ್ದರೂ ಬ್ಯಾಂಡೇಜು ಅಲ್ಲೇ ಇತ್ತು, ಒಗೆದು ಒಗೆದು ಬಣ್ಣ ಹೋಗಿ. ಆಮೇಲೆ ನನ್ನ ಮುಖ ನೋಡಿದಳು. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. "ಇಳೀತೀನಿ, ಹಿಡ್ಕೊಳ್ಳಿ" ಎಂದಳು. ಇಳಿದು, ಕಾದಿದ್ದ ಆಟೋ ಹತ್ತಿ ಹೋದಳು.

ಆಟೋ ಮರೆಯಾಗುವ ತನಕ ಅವನು ಹ್ಯಾಂಡಲ್ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹಿಂದಿನ ಸೀಟು ಎಡಗಡೆ ಗಟ್ಟಿ ಅನ್ಸಿರ್ಬೇಕು. ರಾಡು ಇರೋ ಕಡೆ. ಸ್ವಲ್ಪ ಮೆತ್ತಗೆ ಮಾಡಿ" ಎಂದ.

ನನಗೆ ರೇಗಿತು. "ಅವರು ಕೂತೇ ಇಲ್ಲ, ಗಟ್ಟಿ ಅನ್ಸೋದು ಎಲ್ಲಿಂದ? ಸೀಟು ಎಷ್ಟು ಕೊಯ್ದರೂ ಅಷ್ಟೇ. ಬಾಯಿ ಬಿಡಿ. ಬಿಟ್ಟೆ ಅಂತ ಒಂದು ಮಾತು. ಸಾಯ್ತೀರಾ ಹೇಳಿದ್ರೆ?"

ಅವನು ಹೆಲ್ಮೆಟ್ ಹಾಕಿಕೊಂಡ. ಪಟ್ಟಿ ಬಿಗಿದ. ಗಾಜು ಇಳಿಸಿದ. ಅದರೊಳಗಿಂದ ಮಾತಾಡಿದ. "ನಿಮ್ಮ ಕೆಲಸ ಹೊಲಿಯೋದು."

ಹಿಂದಿನ ಸೀಟು ಬಿಚ್ಚಿ ಜಗಲಿಯ ಮೇಲೆ ಇಟ್ಟು ಹೋದ. ನನ್ನ ಕೈಯಲ್ಲಿ ಬೇರೆ ಕೆಲಸವಿತ್ತು. ಅದನ್ನು ಒಳಗಿಟ್ಟೆ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಸತ್ತ. ಭದ್ರಾವತಿ ಕಡೆಯ ರೈಲ್ವೆ ಗೇಟು ಹಾಕಿತ್ತಂತೆ, ವಾಹನಗಳ ಸಾಲು. ಇವನು ಎಲ್ಲರ ಮುಂದೆ. ಎದೆ ನೋವು ಬಂದಿರಬೇಕು. ಎಂಜಿನ್ ಆರಿಸಿದ್ದ, ಸ್ಟ್ಯಾಂಡ್ ಹಾಕಿದ್ದ, ಟ್ಯಾಂಕಿನ ಮೇಲೆ ಬಗ್ಗಿದ್ದ. ರೈಲು ಹೋಗಿ ಗೇಟು ಎತ್ತಿದರೂ ಅಲುಗಾಡದೆ ಇದ್ದಾಗ ಹಿಂದಿನವರು ಹಾರ್ನ್ ಹೊಡೆದರಂತೆ. ಬೈದರಂತೆ. ಹಾರ್ನ್ ಹೊಡೆಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಸುದ್ದಿ ತಂದವನು ಟೀ ಅಂಗಡಿಯವನೇ. "ಪಾಟೀ, ಹ್ಯಾಂಡಲ್ ಇಂದ ಕೈ ಬಿಡಿಸೋಕೆ ಇಬ್ರು ಬೇಕಾಯ್ತಂತೆ. ಅಷ್ಟು ಬಿಗಿ ಹಿಡಿದಿದ್ರಂತೆ. ಪಾದ ಎರಡೂ ನೆಲದ ಮೇಲೆ. ಬೈಕು ಅಲ್ಲಾಡಿಲ್ಲ."

ಟೀ ಅಂಗಡಿಯವನ ಮಾತಿನಲ್ಲಿ ಅರ್ಧ ಬಿಟ್ಟು ಕೇಳಬೇಕು. ಸ್ಟ್ಯಾಂಡ್ ಹಾಕಿದ್ದ ಮೇಲೆ ಬೈಕು ಯಾಕೆ ಅಲ್ಲಾಡುತ್ತದೆ? ಹಿಡಿದದ್ದು ನಿಜವೇ ಇದ್ದರೂ ಹಿಂದೆ ಯಾರೂ ಇರಲಿಲ್ಲ. ಯಾರೂ ಇರಲಿಲ್ಲ ಎನ್ನುವುದೇನು ಬಂತು, ಹಿಂದಿನ ಸೀಟೇ ಇರಲಿಲ್ಲ. ಅದು ನನ್ನ ಅಂಗಡಿಯಲ್ಲಿತ್ತು.

ಮೂರನೇ ದಿನ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಹಂಚಿನ ಸಣ್ಣ ಮನೆ. ಬೈಕನ್ನು ಯಾರೋ ತಂದು ಗೋಡೆಗೆ ಒರಗಿಸಿದ್ದರು, ಸ್ಟ್ಯಾಂಡ್ ಇದ್ದರೂ. ಒಳಗೆ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಅವಳಿಗೆ ಕೆಳಗೆ ಕೂರಲು ಆಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿಕೊಂಡು, ಎಡಸೊಂಟ ಎತ್ತಿ ಕೂತಿದ್ದಳು.

ದುರ್ಗಿಗುಡಿಯ ತಂಗಿ ಅಳುತ್ತ ಮಾತಾಡುತ್ತಿದ್ದಳು. "ಭಾವನಂಥೋರು ಸಿಗಲ್ಲ. ಇವಳಿಗೋಸ್ಕರ ಅಷ್ಟು ಪ್ರೀತಿಯ ಗಾಡಿ ಕೊಟ್ಬಿಟ್ರು. ಇವಳನ್ನ ಉಳಿಸೋಕೆ ಹೋಗಿ ಕೈ ಮುರ್ಕೊಂಡ್ರು. ಸಾಯೋವರೆಗೂ ಆ ಬ್ಯಾಂಡೇಜ್ ಬಿಚ್ಲಿಲ್ಲ." ಜಾಲಿಗೆ ಹೊರಟಿದ್ದಾನೆ ಎಂದು ಊರೆಲ್ಲ ಹೇಳಿಕೊಂಡು ಬಂದವಳು ಇವಳೇ. ಉಳಿದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ಅವಳು ತಂಗಿಯ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ನೀವು ಅವತ್ತು ಅಂಗಡೀಲೇ ಇದ್ರಲ್ಲ?" ಎಂದಳು.

"ಇದ್ದೆ."

"ರಸ್ತೆ ಕಡೆ ಮುಖ ಮಾಡಿ?"

"ಹೌದು."

"ಅವರು ಹಿಡಿದ್ರಾ, ಬಿಟ್ರಾ?"

ತಂಗಿ ಅಳು ನಿಲ್ಲಿಸಿದಳು. "ಈಗ್ಯಾಕೆ ಅಕ್ಕ ಅದೆಲ್ಲ..."

"ನಿನ್ನ ಕೇಳ್ಲಿಲ್ಲ."

"ಬಿಟ್ರು" ಎಂದೆ.

ಮೂಲೆಯಲ್ಲಿದ್ದ ಒಬ್ಬ ಮುದುಕಿ, "ಸತ್ತೋರ ಮನೇಲಿ ಇಂಥ ಮಾತು ಆಡ್ತಾರಾ?" ಎಂದಳು. "ಅವರು ಕೇಳಿದ್ರು. ಹೇಳ್ದೆ" ಎಂದೆ.

ಕುರ್ಚಿಯಲ್ಲಿದ್ದವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆ ಬ್ಯಾಂಡೇಜ್ ದಿನಾ ಸುತ್ತುತಿದ್ದೋಳು ನಾನು. ಮಲಗಿದಲ್ಲೇ ಸುತ್ತುತಿದ್ದೆ. ಒಂದು ದಿನಾನೂ ಕೈ ಊದಿರ್ಲಿಲ್ಲ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಸುತ್ತಿದ್ದೇ ಸುತ್ತಿದ್ದು."

"ಹೇಳಿದ್ರೆ ಏನ್ ಮಾಡ್ತಿದ್ರಿ?" ಎಂದೆ.

"ಬೈತಿದ್ದೆ" ಎಂದಳು. "ಚೆನ್ನಾಗಿ ಬೈತಿದ್ದೆ. ಆಮೇಲೆ ಹತ್ತುತಿದ್ದೆ."

ನಾನು ಎದ್ದೆ. ಬಾಗಿಲ ತನಕ ಹೋದಾಗ ಕರೆದಳು. "ಆ ಸೀಟು ನಿಮ್ಮ ಹತ್ರಾನೇ ಇದೆಯಂತಲ್ಲ. ಬೈಕು ಮಾರ್ತೀನಿ. ಅದನ್ನ ಈ ಕುರ್ಚಿಗೆ ಆಗೋ ಹಂಗೆ ಮಾಡಿಕೊಡಿ. ಎಡಗಡೆ ಮೆತ್ತಗಿರ್ಲಿ."

"ಅವರೂ ಹಂಗೇ ಹೇಳಿದ್ರು" ಎಂದೆ.

"ಹೇಳಿರ್ತಾರೆ" ಎಂದಳು. "ಬೇರೆ ಎಲ್ಲಾ ಹೇಳ್ತಿದ್ರು."

ಮರುದಿನ ಬೆಳಿಗ್ಗೆ ಅಂಗಡಿ ತೆಗೆದು, ಕಸ ಗುಡಿಸಿ, ಮೊದಲು ಆ ಸೀಟನ್ನೇ ಕೆಳಗಿಳಿಸಿದೆ. ತಗಡು ಕಳಚಿದೆ. ಒರಗು ದಿಂಬು ಬಿಚ್ಚಿ ಬದಿಗಿಟ್ಟೆ. ಎಡಗಡೆಯ ಗಟ್ಟಿ ಸ್ಪಂಜು ಕೊಯ್ದು ಮೆತ್ತನೆಯದು ಕೂರಿಸಿದೆ. ಕುರ್ಚಿಯ ಅಳತೆಗೆ ರೆಕ್ಸಿನ್ ಮಡಿಸಿ ಸುತ್ತ ಹೊಲಿದೆ. ಜಗಲಿಯ ಮೇಲಿಟ್ಟು ನಾನೇ ಕೂತು ನೋಡಿದೆ, ಸರಿಯಿತ್ತು. ಹಿಡಿಪಟ್ಟಿ ಮಾತ್ರ ಉಳಿದಿತ್ತು. ಕುರ್ಚಿಯಲ್ಲಿ ಕೂರುವವರಿಗೆ ಅದು ಬೇಡ. ಬ್ಲೇಡು ತೆಗೆದುಕೊಂಡು ಬಿಚ್ಚಲು ಕೂತೆ. ಸುತ್ತಿನ ಮೇಲೆ ಸುತ್ತು ಹೊಲಿಸಿದ್ದ. ಬಿಚ್ಚಿ ಮುಗಿಸುವಾಗ ಬಿಸಿಲು ಜಗಲಿಗೆ ಬಂದಿತ್ತು.